ಹಿಕ್ಕಾ: ಒಂದೇ ಸದ್ದು, ಬೇರೆ ಬೇರೆ ತವರು

ಕಳೆದ ಭಾನುವಾರ ಮಧ್ಯಾಹ್ನ ಪುಣೆಯ ಕೋಥರೂಡಿನಲ್ಲಿರುವ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಅವ್ವನಿಗೆ ಬಿಕ್ಕಳಿಕೆ ಹತ್ತಿತು. ಊರಿನಿಂದ ಬಂದ ಕಡಕ್ ರೊಟ್ಟಿಯನ್ನು ಶೇಂಗಾ ಚಟ್ನಿಪುಡಿಯೊಂದಿಗೆ, ಮೊಸರು ಬಡಿಸುವುದಕ್ಕೂ ಕಾಯದೆ, ಒಂದೆರಡು ತುತ್ತು ಬಾಯಿಗೆ ಹಾಕಿಕೊಂಡಿದ್ದಳು. ಅದೇ ಹೊತ್ತಿಗೆ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ವಿಡಿಯೊ ಕರೆ ಮಾಡಿದ. ಅಜ್ಜಿ ಮಾತಾಡಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಎರಡು ಮಾತಿಗೊಮ್ಮೆ ತಡೆಯುತ್ತಿದ್ದುದನ್ನು ಕಂಡು, "ಆಯಿ, ಇದಕ್ಕ ಇಲ್ಲಿ ಏನಂತಾರ ಗೊತ್ತೇನು? ಹಿಕ್ಕಾ ಅಂತಾರ" ಎಂದ. ಅವ್ವ ನೀರು ಕುಡಿದು, ಉಸಿರು ಹಿಡಿದು, ಸಾವರಿಸಿಕೊಂಡ ಮೇಲೆ ಹೇಳಿದ ಮಾತೇ ಈ ಬರಹಕ್ಕೆ ಕಾರಣ: "ಅದು ನಮ್ಮದೇ ಶಬ್ದ ಅಲ್ಲೇನೋ ತಮ್ಮಾ! ನಮ್ಮ ಅಪ್ಪ ಹಿಕ್ಕಾ-ಶ್ವಾಸ ಅಂತ ಶ್ಲೋಕ ಹೇಳತಿದ್ರು."

ಅವ್ವನ ತಂದೆ ಗದಗಿನ ಹತ್ತಿರದ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದವರು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಹಿಕ್ಕಾ ಮತ್ತು ಶ್ವಾಸ ಎಂಬ ಎರಡು ವ್ಯಾಧಿಗಳನ್ನು ಒಟ್ಟಿಗೆ ವಿವರಿಸುತ್ತದೆ. ಮಹಾ, ಗಂಭೀರಾ, ವ್ಯಪೇತಾ, ಕ್ಷುದ್ರಾ, ಅನ್ನಜಾ ಎಂದು ಬಿಕ್ಕಳಿಕೆಯ ಐದು ಬಗೆಗಳನ್ನು ಹೇಳುತ್ತದೆ. ಆ ಭಾನುವಾರ ಅವ್ವನಿಗೆ ಬಂದದ್ದು ಅನ್ನಜಾ, ಎಂದರೆ ಅವಸರದ ಊಟದಿಂದ ಹುಟ್ಟಿದ್ದು. ಆದರೆ ಅಳಿಯ ಕೂಡಲೇ ನನ್ನನ್ನು ಕೇಳಿದ: "ಮಾಮಾ, ಹಂಗಾದ್ರ ಸ್ವೀಡಿಷ್‌ನವರು ಈ ಶಬ್ದ ಸಂಸ್ಕೃತದಿಂದ ತಗೊಂಡಾರೇನು?" ಹಾಗೆ ಕೇಳುವುದು ಸಹಜ. ಎರಡು ಶಬ್ದಗಳ ಅರ್ಥ ಒಂದೇ, ಉಚ್ಚಾರವೂ ಹೆಚ್ಚುಕಡಿಮೆ ಒಂದೇ, ಮೇಲಾಗಿ ಎರಡೂ ಇಂಡೋ-ಯುರೋಪಿಯನ್ ಎಂಬ ಒಂದೇ ಭಾಷಾಕುಟುಂಬಕ್ಕೆ ಸೇರಿದವು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಸರಿಯಾಗಿ ನೋಡಿ ಹೇಳುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ, ಮತ್ತು ಈ ವಾರದ ಸಂಜೆಗಳನ್ನು ಅದಕ್ಕಾಗಿಯೇ ಮೀಸಲಿಟ್ಟೆ.

ಸ್ವೀಡಿಷ್‌ನಲ್ಲಿ ಹಿಕ್ಕಾ ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಡ್ಯಾನಿಷ್ ಮತ್ತು ನಾರ್ವೇಜಿಯನ್ ಭಾಷೆಗಳಲ್ಲಿ ಅದು ಹಿಕ್ಕೆ, ಡಚ್ಚಿನಲ್ಲಿ ಹಿಕ್, ಐಸ್‌ಲ್ಯಾಂಡಿಕ್‌ನಲ್ಲಿ ಹಿಕ್‌ಸ್ತಿ. ಇಂಗ್ಲಿಷಿನ ಹಿಕಪ್ ಕೂಡ ಇದೇ ಸಾಲಿನದು; ಅದರ ಹಳೆಯ ರೂಪಗಳಲ್ಲಿ ಹಿಕೆಟ್ ಎಂಬುದೊಂದಿತ್ತು. ಮುಂದೆ ಯಾರೋ ಅದನ್ನು ಕೆಮ್ಮಿಗೆ ಸಂಬಂಧಿಸಿದ್ದೆಂದು ಭಾವಿಸಿ, ಕೆಮ್ಮು ಎಂಬರ್ಥದ ಕಾಫ್ ಶಬ್ದದ ಕಾಗುಣಿತವನ್ನು ಅದರ ಬಾಲಕ್ಕೆ ಅಂಟಿಸಿದರು. ಉಚ್ಚಾರ ಮಾತ್ರ ಬದಲಾಗಲಿಲ್ಲ. ಜರ್ಮನ್ ಶಿಷ್ಟಭಾಷೆ ಬೇರೆಯೇ ದಾರಿ ಹಿಡಿದು, ನುಂಗು ಎಂಬರ್ಥದ ಧಾತುವಿನಿಂದ ಶ್ಲುಕ್ಔಫ್ ಎಂದು ಕರೆಯಿತು. ಎಲೋಫ್ ಹೆಲ್‌ಕ್ವಿಸ್ಟ್ ಅವರ ಸ್ವೀಡಿಷ್ ವ್ಯುತ್ಪತ್ತಿಕೋಶ ಮೊದಲು ಪ್ರಕಟವಾದದ್ದು 1922ರಲ್ಲಿ. ಆ ಪರಂಪರೆಯ ಕೋಶಗಳು ಇಂಥ ಶಬ್ದಗಳಿಗೆ ಒಂದು ಮಾತನ್ನು ಬಳಸುತ್ತವೆ: ಯೂಡ್‌ಹ್ಯಾರ್ಮಂದೆ. ಯೂಡ್ ಎಂದರೆ ಸದ್ದು, ಹ್ಯಾರ್ಮಾ ಎಂದರೆ ಅಣಕಿಸು. ನಮ್ಮ ವ್ಯಾಕರಣಕಾರರ ಮಾತಿನಲ್ಲಿ ಹೇಳುವುದಾದರೆ ಅನುಕರಣ ಶಬ್ದ.

ಕೋಶವು ಒಂದೇ ಪದದಲ್ಲಿ ತೀರ್ಪು ಕೊಟ್ಟುಬಿಟ್ಟರೆ ಕೇಳಿದವನಿಗೆ ಸಮಾಧಾನವಾಗುವುದಿಲ್ಲ. ಕಾರಣ ಬೇಕು. ಆ ಕಾರಣವು ಹಕಾರದಲ್ಲಿದೆ.

ರಾಸ್ಮಸ್ ರಾಸ್ಕ್ ಎಂಬ ಡೆನ್ಮಾರ್ಕಿನ ವಿದ್ವಾಂಸ 1818ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿ ಕಕಾರವಿರುವಲ್ಲಿ ಸ್ವೀಡಿಷ್, ಐಸ್‌ಲ್ಯಾಂಡಿಕ್ ಮುಂತಾದ ಜರ್ಮಾನಿಕ್ ಭಾಷೆಗಳಲ್ಲಿ ಹಕಾರ ಬರುತ್ತದೆ ಎಂಬುದನ್ನು ಇತರ ವ್ಯಂಜನಗಳ ಪಲ್ಲಟದೊಂದಿಗೆ ತೋರಿಸಿದ. 1822ರಲ್ಲಿ ಯಾಕೋಬ್ ಗ್ರಿಮ್ ಅದನ್ನು ಒಂದು ವ್ಯವಸ್ಥೆಯಾಗಿ ನಿರೂಪಿಸಿದ್ದರಿಂದ ನಿಯಮಕ್ಕೆ ಅವನ ಹೆಸರೇ ನಿಂತಿತು. ಈ ರಾಸ್ಕ್ ನಮ್ಮ ಮುಂಬಯಿಗೂ ಬಂದಿದ್ದ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಸ್ಟಾಕ್‌ಹೋಮಿನಲ್ಲಿ ಎರಡು ವರ್ಷ ಕಳೆದು, ರಷ್ಯಾ ಮತ್ತು ಪರ್ಷಿಯಾಗಳನ್ನು ದಾಟಿ, 1820ರಲ್ಲಿ ಅವನು ಮುಂಬಯಿಯಲ್ಲಿ ಇಳಿದ. ಅಲ್ಲಿನ ಪಾರಸಿಗಳ ನಡುವೆ ಅವೆಸ್ತಾ ಮತ್ತು ಪಹ್ಲವಿ ಭಾಷೆಗಳನ್ನು ಅಭ್ಯಾಸ ಮಾಡಿ ಹಸ್ತಪ್ರತಿಗಳನ್ನು ಸಂಗ್ರಹಿಸಿದ. ಅವು ಕೋಪನ್‌ಹೇಗನ್ನಿನ ಗ್ರಂಥಾಲಯ ಸೇರಿದವು. ಭಾಷೆಗಳ ನೆಂಟಸ್ತಿಕೆಯನ್ನು ಸದ್ದಿನ ಹೋಲಿಕೆಯಿಂದಲ್ಲ, ಸದ್ದಿನ ನಿಯಮದಿಂದ ಅಳೆಯಬೇಕೆಂದು ಕಲಿಸಿದವರಲ್ಲಿ ಒಬ್ಬನು ಸ್ವೀಡನ್ನಿನಿಂದ ಹೊರಟು ಈ ಕಡಲತೀರಕ್ಕೆ ಬಂದಿದ್ದನೆಂಬುದು ನನಗೆ ತುಂಬ ಪ್ರಿಯವಾದ ಸಂಗತಿ.

ಈಗ ನಿಯಮವನ್ನು ನಮ್ಮ ಶಬ್ದಕ್ಕೆ ಹಚ್ಚಿ ನೋಡೋಣ. ನೂರು ಎಂಬುದಕ್ಕೆ ಲ್ಯಾಟಿನ್‌ನಲ್ಲಿ ಕೆಂಟುಮ್, ಸ್ವೀಡಿಷ್‌ನಲ್ಲಿ ಹುಂದ್ರಾ, ಸಂಸ್ಕೃತದಲ್ಲಿ ಶತಮ್. ನಾಯಿಗೆ ಸ್ವೀಡಿಷ್‌ನಲ್ಲಿ ಹುಂಡ್, ಸಂಸ್ಕೃತದಲ್ಲಿ ಶ್ವನ್. ಅಂದರೆ ಸ್ವೀಡಿಷಿನ ಹಕಾರವು ಪಿತ್ರಾರ್ಜಿತವಾಗಿ ಬಂದದ್ದಾದರೆ ಅದರ ಮೂಲದಲ್ಲಿ ಕಕಾರವಿರುತ್ತದೆ, ಮತ್ತು ಸಂಸ್ಕೃತದಲ್ಲಿ ಆ ಜಾಗದಲ್ಲಿ ಕಕಾರವೋ ಚಕಾರವೋ ಶಕಾರವೋ ಇರಬೇಕು. ಇನ್ನು ಸಂಸ್ಕೃತದ ಹಕಾರವನ್ನು ನೋಡಿದರೆ ಅದರ ಮೂಲ ಬೇರೆ. ಅದು ಸಾಮಾನ್ಯವಾಗಿ ಘಕಾರದಂಥ ಘೋಷ ಮಹಾಪ್ರಾಣದಿಂದ ಬಂದದ್ದು, ಆ ಜಾಗದಲ್ಲಿ ಸ್ವೀಡಿಷ್‌ನಲ್ಲಿ ಗಕಾರ ಕಾಣುತ್ತದೆ. ಸಂಸ್ಕೃತದ ಹಂಸಕ್ಕೆ ಸಂವಾದಿಯಾಗಿ ಸ್ವೀಡಿಷ್‌ನಲ್ಲಿ ಬಾತಿನಂಥ ದೊಡ್ಡ ಹಕ್ಕಿಗೆ ಗೋಸ್ ಎನ್ನುತ್ತಾರೆ. ಸಂಸ್ಕೃತದ ಹ್ಯಃ, ಅಂದರೆ ನಿನ್ನೆ, ಸ್ವೀಡಿಷ್‌ನಲ್ಲಿ ಇಗೋರ್. ಹೀಗಿರುವಾಗ ಸಂಸ್ಕೃತದ ಹಿಕ್ಕಾ ಶಬ್ದಕ್ಕೆ ಸ್ವೀಡನ್ನಿನಲ್ಲಿ ರಕ್ತಸಂಬಂಧಿ ಇದ್ದಿದ್ದರೆ ಅದು ಗಕಾರದಿಂದ ಶುರುವಾಗಬೇಕಿತ್ತು. ಸ್ವೀಡಿಷಿನ ಹಿಕ್ಕಾ ಶಬ್ದಕ್ಕೆ ಸಂಸ್ಕೃತದಲ್ಲಿ ರಕ್ತಸಂಬಂಧಿ ಇದ್ದಿದ್ದರೆ ಅದು ಕಕಾರದಿಂದಲೋ ಚಕಾರದಿಂದಲೋ ಶಕಾರದಿಂದಲೋ ಶುರುವಾಗಬೇಕಿತ್ತು. ಎರಡೂ ಕಡೆ ಹಕಾರವೇ ಇದೆ ಎಂಬುದು ನೆಂಟಸ್ತಿಕೆಗೆ ಪುರಾವೆಯಲ್ಲ. ಅವು ನೆಂಟರಲ್ಲ ಎಂಬುದಕ್ಕೇ ಪುರಾವೆ. ಸಾವಿರಾರು ವರ್ಷ ಬೇರೆ ಬೇರೆ ಊರುಗಳಲ್ಲಿ ಬೆಳೆದ ಅಣ್ಣತಮ್ಮಂದಿರ ಮಕ್ಕಳು ಅಚ್ಚೊತ್ತಿದಂತೆ ಒಂದೇ ಮುಖದವರಾಗಿ ಉಳಿಯುವುದಿಲ್ಲ.

ಹಾಗಾದರೆ ಸಾಲ ಪಡೆದದ್ದೇ ಎಂದು ಕೇಳಬಹುದು. ಸಾಲಕ್ಕೆ ಒಂದು ದಾರಿ ಬೇಕು. ಸಕ್ಕರೆ ಎಂಬರ್ಥದ ಸ್ವೀಡಿಷಿನ ಸೊಕ್ಕೆರ್ ಶಬ್ದವು ಸಂಸ್ಕೃತದ ಶರ್ಕರಾದಿಂದ ಪರ್ಷಿಯನ್, ಅರಬ್ಬಿ, ಇಟಾಲಿಯನ್ ಭಾಷೆಗಳ ಮೂಲಕ ಹೋಯಿತು, ಏಕೆಂದರೆ ಸಕ್ಕರೆ ಎಂಬ ಸರಕೂ ಅದೇ ದಾರಿಯಲ್ಲಿ ಹೋಯಿತು. ಬಿಕ್ಕಳಿಕೆಯನ್ನು ಯಾರೂ ಹಡಗಿನಲ್ಲಿ ತುಂಬಿ ಕಳಿಸಬೇಕಾಗಿರಲಿಲ್ಲ. ಅದು ಪ್ರತಿ ಮಗುವಿನ ಜೊತೆಗೆ, ಇನ್ನೂ ತಾಯ ಹೊಟ್ಟೆಯಲ್ಲಿರುವಾಗಲೇ, ಬರುತ್ತದೆ.

ಉಳಿಯುವ ವಿವರಣೆ ಒಂದೇ: ಎರಡು ನಾಡಿನ ಕಿವಿಗಳು ಒಂದೇ ಸದ್ದನ್ನು ಕೇಳಿ ಒಂದೇ ರೀತಿಯಲ್ಲಿ ಬರೆದುಕೊಂಡಿವೆ. ಆ ಸದ್ದು ಹೇಗೆ ಹುಟ್ಟುತ್ತದೆ ಎಂಬುದನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎದೆಗೂಡಿಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ನಮ್ಮ ಅಪ್ಪಣೆಯಿಲ್ಲದೆ ಒಮ್ಮೆಲೆ ಸೆಳೆದುಕೊಳ್ಳುತ್ತದೆ. ಗಾಳಿ ಗಂಟಲಿನೊಳಕ್ಕೆ ನುಗ್ಗುತ್ತದೆ. ಸುಮಾರು 35 ಮಿಲಿಸೆಕೆಂಡುಗಳಲ್ಲಿ ಧ್ವನಿತಂತುಗಳ ನಡುವಿನ ಬಾಗಿಲು ರಪ್ಪನೆ ಮುಚ್ಚಿಕೊಳ್ಳುತ್ತದೆ. ಗಾಳಿ ನುಗ್ಗುವ ಸದ್ದಿಗೆ ಹಕಾರ, ಕಿರಿದಾದ ಗಂಟಲಿಗೆ ಇಕಾರ, ಬಾಗಿಲು ಮುಚ್ಚಿದ ಏಟಿಗೆ ಒತ್ತಕ್ಷರದ ಕಕಾರ: ಹಿಕ್ ಎಂಬುದು ಈ ಮೂರು ಘಟನೆಗಳನ್ನು ನಡೆದ ಕ್ರಮದಲ್ಲೇ ದಾಖಲಿಸಿದ ಚೀಟಿಯಂತಿದೆ. ನಿಜವಾದ ಬಿಕ್ಕಳಿಕೆ ಒಳಗೆಳೆದ ಉಸಿರಿನಲ್ಲಿ ಆಗುತ್ತದೆ, ಮಾತು ಹೊರಬಿಟ್ಟ ಉಸಿರಿನಲ್ಲಿ ಆಗುತ್ತದೆ; ಹಾಗಾಗಿ ಯಾವ ಭಾಷೆಯೂ ಅದನ್ನು ಇದ್ದಂತೆ ಹಿಡಿಯಲಾರದು. ಆದರೂ ಕೊನೆಯ ಆ ಮುಚ್ಚುವಿಕೆಯನ್ನು ಬಿಟ್ಟುಕೊಟ್ಟ ಭಾಷೆ ಕಡಿಮೆ. ಫ್ರೆಂಚರ ಓಕೆ, ರಷ್ಯನ್ನರ ಇಕೋಟಾ, ಮರಾಠಿಯ ಉಚಕಿ, ಹಿಂದಿಯ ಹಿಚಕಿ, ಗುಜರಾತಿಯ ಹೇಡಕಿ, ಇವೆಲ್ಲದರ ಒಳಗೂ ಒಂದು ಕಕಾರ ತಡೆಗೋಡೆಯಂತೆ ನಿಂತಿದೆ. ಫಿನ್ನಿಷ್‌ನಲ್ಲಂತೂ ನೇರವಾಗಿ ಹಿಕ್ಕಾ ಎಂದೇ ಇದೆ. ಫಿನ್ನಿಷ್ ಇಂಡೋ-ಯುರೋಪಿಯನ್ ಕುಟುಂಬದ್ದಲ್ಲ, ನಿಜ. ಆದರೆ ಫಿನ್‌ಲ್ಯಾಂಡ್ 1809ರವರೆಗೆ ಶತಮಾನಗಳ ಕಾಲ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ ನಾಡು, ಆದ್ದರಿಂದ ಅದನ್ನು ನನ್ನ ವಾದಕ್ಕೆ ಸಾಕ್ಷಿಯಾಗಿ ಕರೆಯುವುದು ನ್ಯಾಯವಲ್ಲ.

ಸಂಸ್ಕೃತದವರಿಗೂ ಇದು ಗೊತ್ತಿತ್ತು. ಸಂಸ್ಕೃತ ಧಾತುಗಳ ಪಟ್ಟಿಯಾದ ಧಾತುಪಾಠದಲ್ಲಿ ಹಿಕ್ಕ ಎಂಬ ಧಾತುವಿಗೆ ಕೊಟ್ಟ ಅರ್ಥ ಅವ್ಯಕ್ತ ಶಬ್ದ, ಎಂದರೆ ಅಸ್ಪಷ್ಟವಾದ ಸದ್ದು ಮಾಡುವುದು. ವೈದ್ಯಗ್ರಂಥಗಳು ಮಾತ್ರ ಇನ್ನೊಂದು ನಿರುಕ್ತಿಯನ್ನು ಹೇಳುತ್ತವೆ: ಘೋಷದೊಂದಿಗೆ ಮೇಲೆದ್ದು ಪ್ರಾಣಗಳನ್ನು ಹಿಂಸಿಸುತ್ತದೆಯಾದ್ದರಿಂದ ಹಿಕ್ಕಾ ಎಂದು ಸುಶ್ರುತಸಂಹಿತೆಯ ಮಾತು. ರೋಗಿಯ ಪಕ್ಕದಲ್ಲಿ ಕುಳಿತವನಿಗೆ ಹೊಳೆಯುವ ವ್ಯುತ್ಪತ್ತಿ ಅದು. ಭಾಷಾಶಾಸ್ತ್ರಕ್ಕೆ ಒಪ್ಪದಿದ್ದರೂ, ದಿನಗಟ್ಟಲೆ ಬಿಡದ ಬಿಕ್ಕಳಿಕೆಯನ್ನು ಕಂಡವರಿಗೆ ಅದರ ಹಿಂದಿನ ಕಳಕಳಿ ಅರ್ಥವಾಗುತ್ತದೆ.

ಸದ್ದನ್ನು ಅಣಕಿಸುವ ಶಬ್ದಗಳು ಧ್ವನಿನಿಯಮದ ಕೈಗೆ ಸಿಗದೆ ಹೊರಗುಳಿಯುವುದು ಬಿಕ್ಕಳಿಕೆಯೊಂದರಲ್ಲೇ ಅಲ್ಲ. ಸ್ವೀಡಿಷ್‌ನಲ್ಲಿ ಕಾಗೆಗೆ ಕ್ರೋಕಾ ಎನ್ನುತ್ತಾರೆ, ಸಂಸ್ಕೃತದಲ್ಲಿ ಕಾಕ, ನಮ್ಮಲ್ಲಿ ಕಾಗೆ. ಆ ಹಕ್ಕಿ ತನ್ನ ಹೆಸರನ್ನು ತಾನೇ ಕೂಗುತ್ತಿರುವವರೆಗೆ ಕಕಾರ ಹಕಾರವಾಗುವುದು ಹೇಗೆ? ಸೀನುವುದಕ್ಕಿರುವ ಸ್ವೀಡಿಷ್ ಶಬ್ದದ ಕಥೆ ಇದಕ್ಕೆ ವಿರುದ್ಧವಾದದ್ದು. ಅದು ನ್ಯೂಸಾ. ಹಳೆಯ ನಾರ್ಸ್ ಭಾಷೆಯಲ್ಲಿ ಅದು ಹ್ನ್ಯೋಸಾ ಆಗಿತ್ತು. ನಕಾರದ ಹಿಂದಿದ್ದ ಹಕಾರ ಸ್ವೀಡಿಷ್‌ನಲ್ಲಿ ಸವೆದುಹೋಯಿತು. ಅದೂ ಆದಿಯಲ್ಲಿ ಸೀನಿನ ಅನುಕರಣವೇ ಆಗಿದ್ದಿರಬಹುದು, ಆದರೆ ಒಮ್ಮೆ ಶಬ್ದವಾಗಿ ನೆಲೆನಿಂತ ಮೇಲೆ ಉಳಿದ ಶಬ್ದಗಳಂತೆಯೇ ಸವೆಯಿತು, ಇಂದು ಅದರಲ್ಲಿ ಸೀನು ಕೇಳಿಸುವುದಿಲ್ಲ. ಹಿಕ್ಕಾ ಹಾಗೆ ಸವೆಯಲಿಲ್ಲ. ಪ್ರತಿ ಬಿಕ್ಕಳಿಕೆಯೂ ಅದನ್ನು ಮತ್ತೆ ಹೊಸದಾಗಿ ಟಂಕಿಸುತ್ತದೆ.

ಇಷ್ಟು ಬರೆದು ಅಳಿಯನಿಗೆ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಕನ್ನಡದವನಾಗಿ ನನ್ನನ್ನು ಕಾಡಿದ ಪ್ರಶ್ನೆ ಬೇರೆಯಿತ್ತು: ಸಂಸ್ಕೃತದ ಅಷ್ಟೊಂದು ವೈದ್ಯಶಬ್ದಗಳನ್ನು ಮನೆಮಾತಾಗಿಸಿಕೊಂಡ ನಾವು ಹಿಕ್ಕಾ ಶಬ್ದವನ್ನೇಕೆ ಹೊಸಿಲ ಹೊರಗೆ ನಿಲ್ಲಿಸಿದೆವು? ಮಾಲಾ ನಮ್ಮಲ್ಲಿ ಮಾಲೆಯಾಗುತ್ತದೆ, ಶಾಲಾ ಶಾಲೆಯಾಗುತ್ತದೆ. ಅದೇ ಹದದಲ್ಲಿ ಹಿಕ್ಕಾ ಹಿಕ್ಕೆಯಾಗಬೇಕು. ಆದರೆ ಹಿಕ್ಕೆ ಎಂಬ ಜಾಗ ನಮ್ಮಲ್ಲಿ ಖಾಲಿಯಿರಲಿಲ್ಲ. ಆಡು, ಕುರಿ, ಇಲಿಗಳು ಹಾಕುವುದಕ್ಕೆ ಹಿಕ್ಕೆ ಎನ್ನುತ್ತೇವೆ. ಅಂಗಳದಲ್ಲಿ ಆಡು ಕಟ್ಟಿದ ಮನೆಯವರಿಗೆ ಆ ಶಬ್ದ ದಿನನಿತ್ಯದ್ದು. ಹಳಗನ್ನಡದಲ್ಲಿ ಅದು ಪಿಕ್ಕೆ. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ ಪಿಕ್ಕೆ ಹಿಕ್ಕೆಯಾಯಿತು. ಹೀಗೆ, ಅನುಕರಣ ಶಬ್ದಗಳನ್ನು ಬಿಟ್ಟರೆ, ಮೂರು ಭಾಷೆಗಳ ಹಕಾರಕ್ಕೆ ಮೂರು ತವರು: ಸ್ವೀಡಿಷ್‌ನದು ಕಕಾರದಿಂದ ಬಂದದ್ದು, ಸಂಸ್ಕೃತದ್ದು ಘಕಾರದ ಕಡೆಯಿಂದ, ನಮ್ಮದು ಪಕಾರದಿಂದ. ಹಿಕ್ಕಾ, ಹಿಕ್ಕಾ, ಹಿಕ್ಕೆ ಎಂದು ಒಂದರ ಪಕ್ಕ ಒಂದು ಬರೆದು ನೋಡಿದಾಗ, ಕಣ್ಣಿಗೆ ಇಷ್ಟು ಹತ್ತಿರ ಕಾಣುವ ಅಕ್ಷರಗಳು ಇಷ್ಟು ದೂರದ ಊರುಗಳಿಂದ ಬಂದು ಸೇರಿವೆಯಲ್ಲ ಎಂದು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆ.

ನಮಗೆ ಇರುವುದು ಬಿಕ್ಕು, ಬಿಕ್ಕಳಿಕೆ. ಇದರ ನೆಂಟಸ್ತಿಕೆ ಖಚಿತವಾದದ್ದು. ತಮಿಳಿನಲ್ಲಿ ವಿಕ್ಕು, ವಿಕ್ಕಲ್. ತಮಿಳಿನ ವಿಲ್ ನಮ್ಮಲ್ಲಿ ಬಿಲ್ಲು, ವಿರಲ್ ಬೆರಳು, ವೆಳ್ಳಿ ಬೆಳ್ಳಿ. ಮೊದಲ ವಕಾರ ಕನ್ನಡದಲ್ಲಿ ಬಕಾರವಾಗುವ ಈ ನಿಯಮಕ್ಕೆ ಬಿಕ್ಕು ಅಕ್ಷರಶಃ ತಲೆಬಾಗಿದೆ. ಮೊದಲಕ್ಷರ ಬೇರೆಯಾಗಿರುವುದರಿಂದಲೇ, ಅದೂ ಎಲ್ಲ ಕಡೆ ಒಂದೇ ಕ್ರಮದಲ್ಲಿ ಬೇರೆಯಾಗಿರುವುದರಿಂದಲೇ, ಇವು ಒಡಹುಟ್ಟಿದವು ಎಂದು ಹೇಳಬಲ್ಲೆವು. ಸ್ವೀಡಿಷ್ ಮತ್ತು ಸಂಸ್ಕೃತಗಳ ಹಿಕ್ಕಾ ಜೋಡಿಯಲ್ಲಿ ಇಲ್ಲದಿರುವುದು ಈ ಕ್ರಮವೇ.

ಬಿಕ್ಕು ಶಬ್ದದ ಇನ್ನೊಂದು ಗುಣ ನನಗೆ ಬಹಳ ಇಷ್ಟವಾದದ್ದು. ನಾವು ಅವಸರದ ಊಟಕ್ಕೂ ಬಿಕ್ಕುತ್ತೇವೆ, ದುಃಖ ಉಮ್ಮಳಿಸಿದಾಗಲೂ ಬಿಕ್ಕಿ ಬಿಕ್ಕಿ ಅಳುತ್ತೇವೆ. ಸ್ವೀಡಿಷರು ಇವೆರಡನ್ನೂ ಬೇರೆ ಮಾಡಿದ್ದಾರೆ. ಬಿಕ್ಕಿ ಅಳುವುದಕ್ಕೆ ಅವರಲ್ಲಿ ಸ್ನ್ಯುಫ್ತಾ ಎಂಬ ಬೇರೆಯೇ ಶಬ್ದವಿದೆ. ಮರಾಠಿಯವರೂ ಬೇರೆ ಮಾಡಿದ್ದಾರೆ: ಒಂದು ಉಚಕಿ, ಇನ್ನೊಂದು ಹುಂದಕಾ. ಆದರೆ ಲ್ಯಾಟಿನ್‌ನ ಸಿಂಗುಲ್ತುಸ್ ಬಿಕ್ಕಳಿಕೆಯೂ ಹೌದು, ಬಿಕ್ಕಿ ಅಳುವುದೂ ಹೌದು. ಡಾಕ್ಟರರು ಇಂದಿಗೂ ಬಿಕ್ಕಳಿಕೆಗೆ ಬರೆಯುವ ಹೆಸರು ಅದೇ. ಅದರಿಂದ ಬಂದ ಇಟಾಲಿಯನ್ ಶಬ್ದಕ್ಕೂ, ಯಾವ ಸಂಬಂಧವೂ ಇಲ್ಲದ ತುರ್ಕಿಯ ಹಿಚ್‌ಕಿರಿಕ್ ಶಬ್ದಕ್ಕೂ ಎರಡೂ ಅರ್ಥಗಳಿವೆ. ಎದೆ ತಾನಾಗಿ ಜಗ್ಗುವುದು, ಗಂಟಲು ಕಟ್ಟುವುದು, ಮಾತು ನಡುವೆ ತುಂಡಾಗುವುದು, ಎರಡರಲ್ಲೂ ದೇಹ ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸವೆಂದು ಈ ಭಾಷೆಗಳು ಗಮನಿಸಿವೆ. ನಂಬಿಕೆಯ ಮಾತಿಗೆ ಬಂದರೆ ಕನ್ನಡ ಮರಾಠಿಗಳು ಒಂದೇ ಪಂಕ್ತಿಯವು. ಬಿಕ್ಕು ಹತ್ತಿದರೆ ಯಾರೋ ನೆನೆಯುತ್ತಿದ್ದಾರೆಂದು ನಮ್ಮಲ್ಲಿ ಹೇಳುತ್ತಾರೆ, ಉಚಕಿ ಲಾಗಲಿ ಎಂದರೆ ಕೋಣೀತರೀ ಆಠವಣ ಕಾಢತಂಯ ಎಂದು ಪಕ್ಕದ ಮನೆಯ ಕಾಕೂ ಮರಾಠಿಯಲ್ಲಿ ಅದನ್ನೇ ಹೇಳುತ್ತಾರೆ. ಸರಿಯಾದ ಹೆಸರನ್ನು ನೆನೆದರೆ ಅದು ನಿಲ್ಲಬೇಕು.

ಬುಧವಾರ ಕೆಲಸದ ನಿಮಿತ್ತ ಯರವಡಾ ಕಡೆಗೆ ಹೋದವನು ಡೆಕ್ಕನ್ ಕಾಲೇಜಿನ ಕಲ್ಲಿನ ಕಟ್ಟಡದ ಮುಂದೆ ಹಾದುಬಂದೆ. ಐತಿಹಾಸಿಕ ತತ್ತ್ವಗಳ ಮೇಲೆ ರಚಿತವಾಗುತ್ತಿರುವ ಸಂಸ್ಕೃತದ ಮಹಾಕೋಶದ ಕೆಲಸ ಅಲ್ಲಿ 1948ರಿಂದ ನಡೆದಿದೆ. ಮೊದಲ ಸಂಪುಟ ಹೊರಬಂದದ್ದು 1976ರಲ್ಲಿ. ಸುಮಾರು ಒಂದು ಕೋಟಿ ಚೀಟಿಗಳು ಅಲ್ಲಿನ ಖಾನೆಗಳಲ್ಲಿವೆ ಎನ್ನುತ್ತಾರೆ, ಮತ್ತು ಸಂಪುಟಗಳ ಮೇಲೆ ಸಂಪುಟ ಬಂದರೂ ಕೋಶ ಇನ್ನೂ ಅಕಾರದಲ್ಲಿದೆ. ಸ್ವೀಡಿಷ್ ಅಕಾಡೆಮಿಯ ಮಹಾಕೋಶದ ಕೆಲಸ 1883ರಲ್ಲಿ ಆರಂಭವಾಗಿ 2023ರಲ್ಲಿ, 39 ಸಂಪುಟಗಳೊಂದಿಗೆ, ಮುಗಿಯಿತು. ಅವರ ಹಿಕ್ಕಾ ಅದರಲ್ಲಿ ಎಂದೋ ಸೇರಿ ಕುಳಿತಿದೆ. ನಮ್ಮ ವರ್ಣಮಾಲೆಯಲ್ಲಿ ಹಕಾರ ಬರುವುದು ತೀರ ಕೊನೆಗೆ. ಹಿಕ್ಕಾ ಶಬ್ದದ ಚೀಟಿಗಳು ಅಲ್ಲಿ ಎಷ್ಟು ವರ್ಷ ತಮ್ಮ ಸರದಿಗಾಗಿ ಕಾಯಬೇಕೋ, ಅದನ್ನು ಬರೆಯುವವರು ಬಹುಶಃ ಇನ್ನೂ ಹುಟ್ಟಿಲ್ಲ. ಇಷ್ಟು ತಾಳ್ಮೆಯ ಕೆಲಸಕ್ಕೆ ಜೀವ ತೇಯುತ್ತಿರುವವರ ಬಗ್ಗೆ ನನಗೆ ಅಪಾರವಾದ ಗೌರವವಿದೆ. ಒಂದು ಶಬ್ದದ ಹಿಂದೆ ಒಂದು ವಾರ ತಿರುಗಿದ ಮೇಲೆ ಅದು ಇನ್ನಷ್ಟು ಹೆಚ್ಚಿತು.

ರಾತ್ರಿ ಅವ್ವನಿಗೆ ಇದನ್ನೆಲ್ಲ ಅವಳಿಗೆ ತಿಳಿಯುವಂತೆ ಹೇಳಿದೆ. ಅಪ್ಪ ಹೇಳುತ್ತಿದ್ದ ಶಬ್ದವೂ ಮೊಮ್ಮಗ ಕಲಿತ ಶಬ್ದವೂ ಒಂದೇ ಮನೆಯವಲ್ಲ ಎಂದರೆ ಅವಳಿಗೆ ಬೇಸರವಾಗಬಹುದೆಂಬ ಅಳುಕು ನನಗಿತ್ತು. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದಳು.

"ಹಂಗಾದ್ರ ಬಿಕ್ಕು ನಮ್ದು ಅನ್ನು."

"ನಮ್ದು ಅವ್ವಾ. ತಮಿಳರದೂ ಹೌದು."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೆಂದಳು: "ಅಪ್ಪನೂ ಹಿಕ್ಕಾ ಅಂತಿದ್ದದ್ದು ಶ್ಲೋಕ ಹೇಳೂ ಮುಂದಷ್ಟೇ. ಕಟ್ಟಿ ಮ್ಯಾಲೆ ರೋಗಿ ಬಂದು ಕುಂತ್ರ, ಕೈ ಹಿಡದು ನಾಡಿ ನೋಡಿ, 'ಎಷ್ಟು ದಿನಾ ಆತಪ್ಪಾ ಬಿಕ್ಕು ಹತ್ತಿ?' ಅಂತನ ಕೇಳತಿದ್ರು."